ಹದದಕ್ಕ ಇಳಿಸಿದ ಹನ್ನೆರಡು ಗೆರೆ

ಹದದಕ್ಕನ ಮುತ್ತಜ್ಜ ಪೀಪಾಯಿ ಕಟ್ಟುವವನು. ಕಟ್ಟಿದ ಪೀಪಾಯಿಗೆ ನೀರು ತುಂಬಿಸಿ ಮೂರು ದಿನ ಒಣ ಮರಳಿನ ಮೇಲೆ ನಿಲ್ಲಿಸುತ್ತಿದ್ದ. ಮರಳು ಉಗುರಿನಷ್ಟು ಕಪ್ಪಾದರೂ ಸಾಕು, ಹಲಗೆ ಹಲಗೆ ಬಿಚ್ಚಿ ಮೊದಲಿಂದ ಕಟ್ಟುತ್ತಿದ್ದ. ಕೊಳ್ಳಲು ಬಂದವರು ಗೊಣಗಿದರೆ, "ಅಷ್ಟು ಆತುರ ಇದ್ರೆ ಬುಟ್ಟಿ ತಗೊಂಡು ಹೋಗಿ" ಅನ್ನುತ್ತಿದ್ದನಂತೆ. ಅವನ ಮಗ, ಅಂದರೆ ಅವಳ ಅಜ್ಜ, ಬಂದರಿನ ಉಗ್ರಾಣದಲ್ಲಿ ಹೊಗೆಸೊಪ್ಪಿನ ಮೂಟೆಗಳ ಕಾವಲುಗಾರ. ಬಿರುಗಾಳಿಗೆ ಉಗ್ರಾಣದ ತಗಡು ಹಾರಿಹೋದ ವರ್ಷ ತಾಡಪಾಲಿನ ಹಗ್ಗವನ್ನು ಕೈಗೆ ಸುತ್ತಿಕೊಂಡು ಎರಡು ಹಗಲು ಮೂಟೆಗಳ ಮೇಲೆ ಬೋರಲು ಬಿದ್ದಿದ್ದ. ಮುನ್ನೂರು ಮೂಟೆಯಲ್ಲಿ ನೆಂದದ್ದು ನಾಲ್ಕೇ. ಹಗ್ಗ ಕೊಯ್ದು ಎಡಗೈಯ ಎರಡು ಬೆರಳು ಮಡಚುವುದನ್ನು ಮರೆತವು. ಯಾರಾದರೂ ಅಯ್ಯೋ ಅಂದರೆ, "ಎಣಿಸೋಕೆ ಇನ್ನೂ ಎಂಟು ಇವೆಯಲ್ಲ" ಎಂದು ನಗುತ್ತಿದ್ದ.

ಅಮ್ಮ ಸಿಗಾರ್ ಸುತ್ತುವವಳು. ಬಂದರಿನ ಹಿಂದಿನ ಬೀದಿಯ ಕಾರ್ಖಾನೆಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಮೂವತ್ತೊಂಬತ್ತು ವರ್ಷ ಕೂತು, ದಿನಕ್ಕೆ ನೂರಿಪ್ಪತ್ತು ಸುತ್ತಿದಳು. ಎಲೆಯ ನರ ಎತ್ತ ತಿರುಗಿದೆ ಎಂದು ಕಣ್ಣು ಮುಚ್ಚಿಕೊಂಡು ಅಂಗೈಯಲ್ಲೇ ಹೇಳುವವಳು. ಅಪ್ಪ ಮರಗೆಲಸದವನು, ದೊಡ್ಡ ಬೀದಿಯ ಸಿಗಾರ್ ಅಂಗಡಿಗೆ ಹದದ ಕೋಣೆ ಕಟ್ಟಿಕೊಟ್ಟವನು ಅವನೇ. ಕಟ್ಟಿದ ಮೇಲೆ ಅದನ್ನು ಬಿಟ್ಟು ಹೊರಗೆ ಬರಲು ಮನಸ್ಸಾಗದೆ, ಸಾಯುವ ತನಕ ಅದರ ಉಸ್ತುವಾರಿ ನೋಡಿಕೊಂಡ. ಅಪ್ಪನ ಮೇಲಂಗಿಯನ್ನು ಮೊಳೆಯಿಂದ ತೆಗೆದು ಹಾಕಿಕೊಂಡವಳು ಮಗಳು. ಆಗ ಅವಳಿಗೆ ಇಪ್ಪತ್ತೆಂಟು, ಈಗ ಅರವತ್ತೆಂಟು.

ಕೋಣೆ ಎಂದರೆ ಎಂಟಡಿಗೆ ಹತ್ತಡಿ. ಗೋಡೆ, ಚಾವಣಿ, ನೆಲ, ಪೆಟ್ಟಿಗೆ ಇಡುವ ಅರೆ, ಎಲ್ಲ ಸೀಡರ್ ಮರ. ಒಳಗೆ ಕಾಲಿಟ್ಟರೆ ಪೆನ್ಸಿಲ್ ಚೂಪು ಮಾಡಿದ ವಾಸನೆ, ಅದರ ಹಿಂದೆಯೇ ಜೇನಿನಂಥದೊಂದು ಘಮ. ಗಾಜಿನ ಬಾಗಿಲಿಗೆ ರಬ್ಬರಿನ ಅಂಚು. ಗೋಡೆಯ ಮೇಲೆ ತಟ್ಟೆಯಗಲದ ಹಿತ್ತಾಳೆಯ ತೇವಮಾಪಕ. ಗಾಳಿಯಲ್ಲಿ ನೀರಿನ ಪಸೆ ನೂರಕ್ಕೆ ಎಷ್ಟಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ಆ ಮುಳ್ಳು ಎಪ್ಪತ್ತರ ಗೆರೆಯ ಮೇಲೆ ನಿಲ್ಲಬೇಕು. ಕೆಳಗಿಳಿದರೆ ಸಿಗಾರು ಒಣಗಿ ತರಗೆಲೆಯಾಗಿ, ಸೇದಿದವನ ನಾಲಿಗೆ ಸುಡುತ್ತದೆ. ಮೇಲೇರಿದರೆ ಹೊಟ್ಟೆ ಉಬ್ಬಿ, ಮೈಮೇಲಿನ ಎಲೆ ಸೀಳಿ, ಬೂಸಲು ಹತ್ತುತ್ತದೆ. ಇದಕ್ಕಾಗಿ ಅರೆಗಳ ಕೆಳಗೆ ಸ್ಪಂಜಿನ ತಟ್ಟೆಗಳು. ಅವುಗಳಿಗೆ ಬಟ್ಟಿ ಇಳಿಸಿದ ನೀರು. ನಲ್ಲಿಯ ನೀರು ತಂದವನನ್ನು ಹದದಕ್ಕ ಹೊಸಿಲು ದಾಟಲು ಬಿಡುವವಳಲ್ಲ. ತಟ್ಟೆ ಎಷ್ಟು, ಯಾವ ಮೂಲೆಗೆ, ಯಾವ ಹೊತ್ತಿಗೆ ಎಂಬುದೇ ಅವಳ ಬದುಕು. ಬೀದಿಯವರು ಅವಳನ್ನು ಹದದಕ್ಕ ಎಂದು ಕರೆಯಲು ಶುರುಮಾಡಿದ್ದು ಕೀಟಲೆಗೆ. ಆಮೇಲೆ ಅಂಚೆಯವನೂ ಹಾಗೇ ಕರೆದ.

ತೇವಮಾಪಕವನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಅದೂ ಮುದಿಯಾಗುತ್ತದೆ, ಅಡ್ಡಾದಿಡ್ಡಿ ಮಾತಾಡುತ್ತದೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಉಪ್ಪಿನ ಪರೀಕ್ಷೆ. ಒಂದು ಮುಚ್ಚಳದಲ್ಲಿ ಉಪ್ಪು ತುಂಬಿ, ನಾಲ್ಕೈದು ಹನಿ ನೀರು ಬಿಟ್ಟು, ಒದ್ದೆ ಮರಳಿನ ಹಾಗೆ ಮಾಡಿ, ಅದನ್ನೂ ತೇವಮಾಪಕವನ್ನೂ ಒಂದೇ ಗಾಜಿನ ಭರಣಿಗೆ ಹಾಕಿ ಗಾಳಿಯಾಡದಂತೆ ಮುಚ್ಚಿ ಒಂದು ದಿನ ಬಿಡಬೇಕು. ಭರಣಿಯೊಳಗಿನ ಪಸೆ ತಾನಾಗಿ ಎಪ್ಪತ್ತೈದಕ್ಕೆ ಬಂದು ನಿಲ್ಲುತ್ತದೆ, ಒಂದು ಕೂದಲೆಳೆ ಆಚೆಗಿಲ್ಲ ಈಚೆಗಿಲ್ಲ. ಮುಳ್ಳು ಬೇರೆ ಏನಾದರೂ ಹೇಳಿದರೆ, ಬೆನ್ನ ಹಿಂದಿನ ತಿರುಪು ತಿರುಗಿಸಿ ಅದನ್ನು ಎಪ್ಪತ್ತೈದಕ್ಕೆ ತರಬೇಕು. ಅಷ್ಟೇ ವಿದ್ಯೆ. ಅಪ್ಪ ಕಲಿಸಿದ್ದು, ನಲವತ್ತು ವರ್ಷದಲ್ಲಿ ನೂರೈವತ್ತು ಸಲಕ್ಕಿಂತ ಹೆಚ್ಚು ಮಾಡಿದ್ದು.

ಈ ಸಲ ಮಾಡಿದಾಗ ಮುಳ್ಳು ಎಂಬತ್ತೇಳು ತೋರಿಸಿತು.

"ಏನಮ್ಮಾ, ಹನ್ನೆರಡು ಗೆರೆ ಸುಳ್ಳು ಹೇಳ್ತೀಯಾ?" ಎಂದು ಅದನ್ನು ಗದರಿಸಿ, ತಿರುಪು ತಿರುಗಿಸಿ ಎಪ್ಪತ್ತೈದಕ್ಕೆ ತಂದಳು. ಗೋಡೆಗೆ ತೂಗುಹಾಕಿದಳು. ಸಂಜೆಗೆ ನೋಡಿದರೆ ಕೋಣೆಯ ಪಸೆ ಐವತ್ತೆಂಟು! ಇಷ್ಟು ದಿನ ಮುಳ್ಳಿನ ಸುಳ್ಳು ನಂಬಿ ಕೋಣೆಯನ್ನು ಒಣಗಿಸಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡು, ತಟ್ಟೆಗಳನ್ನು ಆರರಿಂದ ಹನ್ನೊಂದಕ್ಕೆ ಏರಿಸಿದಳು. ಎರಡು ವಾರದಲ್ಲಿ ಮುಳ್ಳು ಎಪ್ಪತ್ತಕ್ಕೆ ಬಂತು. ಅವಳು ನೆಮ್ಮದಿಯಾಗಿ ಉಸಿರುಬಿಟ್ಟಳು.

ಮೊದಲು ಕೈಕೊಟ್ಟದ್ದು ಕೋಣೆಯೊಳಗಿನ ಸೆಳೆಖಾನೆ. ಅಪ್ಪ ಮಾಡಿದ್ದು, ಬೆರಳು ತಾಗಿಸಿದರೆ ಜಾರುವಂಥದ್ದು, ಒಂದು ಬೆಳಗ್ಗೆ ಕಚ್ಚಿಕೊಂಡು ಕೂತಿತು. ಕಾಲು ಕೊಟ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಮರ ಉಬ್ಬದೆ ಹಾಗಾಗುವುದಿಲ್ಲ. ನೀರು ಕುಡಿಯದೆ ಮರ ಉಬ್ಬುವುದಿಲ್ಲ. ಹದದಕ್ಕ ಒಂದು ಸಿಗಾರನ್ನು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದಳು. ಒತ್ತಿದ ಕಡೆ ತಗ್ಗಾಯಿತು, ಮತ್ತೆ ಮೇಲೇಳಲಿಲ್ಲ. ಬೆರಳುಗಳು ಅವಳಿಗೆ ವಾರದ ಹಿಂದೆಯೇ ಇದನ್ನು ಹೇಳಿದ್ದವು. ಆದರೆ ಮುಳ್ಳು ಎಪ್ಪತ್ತು ಅನ್ನುತ್ತಿತ್ತಲ್ಲ, ಅವಳು ಬೆರಳಿನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಪರೀಕ್ಷೆಯ ಭರಣಿ ಇನ್ನೂ ಮೂಲೆಯಲ್ಲಿ ಮುಚ್ಚಿದಂತೆಯೇ ಇತ್ತು. ತೇವಮಾಪಕ ತೆಗೆದುಕೊಂಡ ಮೇಲೆ ಮುಚ್ಚಳ ಬಿಗಿದು ಇಟ್ಟದ್ದು, ತೊಳೆಯಲು ಪುರಸೊತ್ತಾಗಿರಲಿಲ್ಲ. ತೆರೆದು ಒಳಗಿನ ಬಟ್ಟಲಿಗೆ ಬೆರಳಿಟ್ಟಳು. ಹರಳು ಸಿಗಲಿಲ್ಲ. ಇನ್ನೊಮ್ಮೆ ಬೆರಳಾಡಿಸಿದಳು. ಬರೀ ನೀರು! ಉಪ್ಪು ತುಂಬುತ್ತಿದ್ದ ಹಳೆಯ ಕಪ್ಪು ಮುಚ್ಚಳ ಒಡೆದುಹೋಗಿ, ಈ ಸಲ ಬಿಳಿ ಪಿಂಗಾಣಿ ಬಟ್ಟಲು ತೆಗೆದುಕೊಂಡಿದ್ದಳು. ಹನಿ ಬಿಡುವ ಕೊಳವೆ ಸಿಗದೆ ಚಮಚದಲ್ಲಿ ನೀರು ಹಾಕಿದ್ದಳು. ಬಿಳಿ ಬಟ್ಟಲಲ್ಲಿ ಬಿಳಿ ಉಪ್ಪು. ಕಣ್ಣಿಗೆ ಬೇರೆ ಎರಡು ವರ್ಷದಿಂದ ತೆಳುಪೊರೆ. ನೀರು ಹೆಚ್ಚಾಗಿ ಉಪ್ಪೆಲ್ಲ ಕರಗಿಹೋದದ್ದು ಕಂಡಿರಲಿಲ್ಲ. ಹರಳು ಉಳಿದಿದ್ದರೆ ಮಾತ್ರ ಎಪ್ಪತ್ತೈದು. ಪೂರ್ತಿ ಕರಗಿ ನೀರಾದರೆ ಭರಣಿಯ ಪಸೆ ಎಲ್ಲೆಂದರಲ್ಲಿಗೆ ಏರುತ್ತದೆ. ಅಂದರೆ ಮುಳ್ಳು ನಿಜವನ್ನೇ ಹೇಳಿತ್ತು. ನಿಜ ಹೇಳಿದ್ದನ್ನು ಹಿಡಿದು ತಿರುಪು ತಿರುಗಿಸಿ ಸುಳ್ಳು ಕಲಿಸಿದವಳು ಅವಳು. ಕೋಣೆಯಲ್ಲಿ ಈಗಿರುವುದು ಎಪ್ಪತ್ತಲ್ಲ, ಎಂಬತ್ತೆರಡು.

ಅಲ್ಲೇ ಮಣೆಯ ಮೇಲೆ ಕುಕ್ಕರಿಸಿದಳು. ವಿಚಿತ್ರವೆಂದರೆ, ಕೂತ ಕೂಡಲೇ ಭುಜದ ಮೇಲಿಂದ ಏನೋ ಇಳಿದ ಹಾಗಾಯಿತು. ಕೋಣೆ ಕೆಟ್ಟಿಲ್ಲ, ಮರ ಕೆಟ್ಟಿಲ್ಲ, ಬೆರಳು ಕೆಟ್ಟಿಲ್ಲ. ಕೆಟ್ಟದ್ದು ಒಂದು ಚಮಚ ನೀರು.

ಬೇರೆ ಮಾಲಿನದು ಹೇಗೋ ಆಗುತ್ತಿತ್ತು. ಅವಳಿಗೆ ಚಿಂತೆ ಹತ್ತಿದ್ದು ಮೇಲರೆಯ ಒಂದು ಪೆಟ್ಟಿಗೆಯದು. ಅದು ಕ್ಯಾಪ್ಟನ್ನನದು. ಅವನು ಕಡವಿನ ದೋಣಿಯಲ್ಲಿ ನಲವತ್ತು ವರ್ಷ ಜನರನ್ನು ಆಚೆ ದಡಕ್ಕೆ ಮುಟ್ಟಿಸಿ ನಿವೃತ್ತನಾದವನು. ಹನ್ನೆರಡು ವರ್ಷದ ಹಿಂದೆ ಅವನ ಹೆಂಡತಿ ಮನೆಯಲ್ಲಿ ಹೊಗೆಯಾಡಬಾರದೆಂದು ಕಟ್ಟಪ್ಪಣೆ ಮಾಡಿ, ಉಳಿದಿದ್ದ ಒಂದೇ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಹದದಕ್ಕನ ಮುಂದೆ ಇಟ್ಟಿದ್ದಳು. "ನನ್ನ ಕೈಬರಹದ ಚೀಟಿ ಇಲ್ಲದೆ ಇವರಿಗೆ ಒಂದೂ ಕೊಡಬೇಡ. ಅತ್ತರೂ ಕೊಡಬೇಡ." ಹನ್ನೆರಡು ವರ್ಷ ಕ್ಯಾಪ್ಟನ್ ವಾರಕ್ಕೊಮ್ಮೆ ಬಂದು, ಪೆಟ್ಟಿಗೆ ತೆರೆಸಿ, ಮೂಸಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ. ಹೋದ ತಿಂಗಳು ಚೀಟಿ ಬಂದಿತ್ತು: 'ಇಪ್ಪತ್ನಾಲ್ಕು ಕೊಡತಕ್ಕದ್ದು.' ಕ್ಯಾಪ್ಟನ್‌ಗೆ ಎಪ್ಪತ್ತೈದು ತುಂಬುವ ದಿನ, ಮೊದಲ ದೋಣಿಯಲ್ಲಿ ಜೊತೆಗಿದ್ದ ಹನ್ನೊಂದು ಜನ ಹನ್ನೊಂದು ಊರಿಂದ ಬರುತ್ತಾರೆ, ಅವನೂ ಸೇರಿ ತಲೆಗೆ ಎರಡು. ಮತ್ತೆಲ್ಲಾದರೂ ತಂದುಕೊಡೋಣವೆಂದರೆ ಆ ಸಿಗಾರು ಸುತ್ತಿದ ಕಾರ್ಖಾನೆ ಮುಚ್ಚಿಯೇ ಎಷ್ಟೋ ವರ್ಷ. ಅಲ್ಲಿನ ಕೊನೆಯ ಸರಕು ಅದು. ಅದರಲ್ಲಿ ಎಂಟೋ ಒಂಬತ್ತೋ ಅವಳ ಅಮ್ಮನ ಕೈಯವು. ಬಾಯಿಗಿಡುವ ತುದಿಗೆ ಹಾಕುವ ಎಲೆಯ ಟೋಪಿಯನ್ನು ಮೂರು ಸುತ್ತು ಸುತ್ತುತ್ತಿದ್ದವಳು ಅಮ್ಮ ಒಬ್ಬಳೇ.

ಆ ದಿನಕ್ಕೆ ಇನ್ನು ಇಪ್ಪತ್ತು ದಿನ.

ಪೆಟ್ಟಿಗೆ ಇಳಿಸಿ ತೆರೆದಳು. ಇಪ್ಪತ್ತೈದೂ ಉಬ್ಬಿ ಒಂದಕ್ಕೊಂದು ಒತ್ತಿಕೊಂಡು, ಗುಂಡಗಿದ್ದವು ಚೌಕವಾಗಲು ಹೊರಟಿದ್ದವು. ಬೆಳಕಿಗೆ ಹಿಡಿದು ಒಂದೊಂದನ್ನೇ ತಿರುಗಿಸಿದಳು. ಬೂಸಲು ಇಲ್ಲ. ಸೀಳು ಇಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ದೇವರೇ ಗತಿ.

ಮೊದಲು ಅಂಗಡಿಯ ಯಜಮಾನನಿಗೆ ಹೇಳಿದಳು. ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಕಂಡವಳಾದ್ದರಿಂದ ಅವನಿಗೆ ಐವತ್ತೈದಾದರೂ ಏಕವಚನವೇ.

"ನೀನಾ? ನೀನು ತಪ್ಪು ಮಾಡಿದ್ಯಾ?" ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ.

"ನಾನೇ. ಇನ್ಯಾರು, ಗೋಡೆ ಹಲ್ಲಿನಾ?"

"ಅಕ್ಕ, ಗಾಬರಿ ಬೇಡ. ಪಸೆ ಹೀರೋ ಯಂತ್ರ ತರಿಸ್ತೀನಿ. ನಾಳೆ ಮಧ್ಯಾಹ್ನಕ್ಕೆಲ್ಲ ಎಪ್ಪತ್ತಕ್ಕೆ ಇಳಿಸಿಬಿಡುತ್ತೆ."

"ಇಳಿಸುತ್ತೆ. ಸಿಗಾರಿನ ಚರ್ಮನೂ ಸುಲಿಯುತ್ತೆ. ಮೈಮೇಲಿನ ಎಲೆ ಒಂದು ದಿನದಲ್ಲಿ ಒಣಗಿ ಬಿಗಿಯಾಗುತ್ತೆ, ಹೊಟ್ಟೆಯೊಳಗಿನ ಎಲೆ ಇನ್ನೂ ನೀರು ಕುಡಿದು ಉಬ್ಬಿರುತ್ತೆ. ಉಬ್ಬಿದ ಹೊಟ್ಟೆಗೆ ಚಿಕ್ಕ ಅಂಗಿ ಹಾಕಿ ಗುಂಡಿ ಬಿಗಿದ್ರೆ ಏನಾಗುತ್ತೆ, ನಿನಗೆ ಗೊತ್ತಿರಬೇಕಲ್ಲ."

ಯಜಮಾನ ತನ್ನ ಅಂಗಿಯ ಗುಂಡಿ ನೋಡಿಕೊಂಡ.

ಆಮೇಲೆ ಕ್ಯಾಪ್ಟನ್ ಮನೆಗೆ ಹೋದಳು. ಹೇಳುವುದನ್ನು ಬಾಗಿಲಲ್ಲೇ ನಿಂತು ಹೇಳಿದಳು, ಕೂತರೆ ನಾಲಿಗೆ ತಡವರಿಸುತ್ತದೆಂದು. ಕ್ಯಾಪ್ಟನ್ ಗಡ್ಡ ಸವರಿಕೊಂಡ. ಹೆಂಡತಿ ಮಾತ್ರ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ, "ಹನ್ನೆರಡು ವರ್ಷದಿಂದ ಅವು ಹಾಳಾಗಲಿ ಅಂತ ಬೇಡಿಕೊಂಡಿದ್ದೆ, ಈಗ ಕೇಳಿಸ್ತಾ ಆ ದೇವರಿಗೆ?" ಎಂದಳು. ಮಡಿಸಿದ್ದನ್ನು ಕೆಳಗಿಟ್ಟು ಹದದಕ್ಕನ ಹತ್ತಿರ ಬಂದು ದನಿ ತಗ್ಗಿಸಿದಳು. "ಇವರು ಆ ಹನ್ನೊಂದು ಜನಕ್ಕೂ ಕಾಗದ ಬರೆದಾಗಿದೆ. ಪ್ರತಿ ಕಾಗದದಲ್ಲೂ ಸಿಗಾರಿನ ಸುದ್ದೀನೇ. ಹೇಗಾದ್ರೂ ಉಳಿಸಿಕೊಡೇ ತಾಯಿ."

ಮರುದಿನ ಹೊಸದಾಗಿ ಉಪ್ಪಿನ ಪರೀಕ್ಷೆ. ಈ ಸಲ ಕಂದು ಬಣ್ಣದ ಔಷಧಿ ಸೀಸೆಯ ಮುಚ್ಚಳ, ಬೆರಳ ತುದಿಯಿಂದ ಹನಿ ಹನಿಯಾಗಿ ನೀರು. ಹರಳು ಚರಚರ ಅನ್ನುವುದನ್ನು ಮುಟ್ಟಿ ನೋಡಿದಳು. ಒಂದು ದಿನ ಕಳೆದು ತೆರೆದಾಗ ಮುಳ್ಳು ಅರವತ್ತಮೂರಕ್ಕೆ ನಿಂತಿತ್ತು. ಸರಿಯಾಗಿ ಹನ್ನೆರಡು ಗೆರೆ ಕೆಳಗೆ. ಲೆಕ್ಕ ಕೂಡಿತು. ತಿರುಪನ್ನು ಹಿಂದಕ್ಕೆ ತಿರುಗಿಸಿದಳು. ಎರಡು ದಿನಕ್ಕೆ ಒಂದು ಗೆರೆ ಇಳಿಸಿದರೆ ದಿನ ಸಾಲದು, ದಿನಕ್ಕೊಂದಾದರೆ ಆತುರ. ಮೂರು ದಿನಕ್ಕೆ ಎರಡು ಗೆರೆ ಎಂದು ತೀರ್ಮಾನಿಸಿದಳು. ಹದಿನೆಂಟು ದಿನಕ್ಕೆ ಹನ್ನೆರಡು. ಹದಿನೆಂಟನೆಯ ದಿನ ಮುಗಿದ ಮಾರನೆಯ ಬೆಳಗ್ಗೆ ಹುಟ್ಟುಹಬ್ಬ. ಉಸಿರಾಡಲು ಜಾಗವಿಲ್ಲದ ಲೆಕ್ಕ, ಆದರೂ ಲೆಕ್ಕ.

ನೀರಿನ ತಟ್ಟೆಗಳನ್ನು ಒಮ್ಮೆಲೇ ತೆಗೆಯಲಿಲ್ಲ. ಮೊದಲ ದಿನ ಮೂರು, ನಾಲ್ಕನೆಯ ದಿನ ಎರಡು, ಹೀಗೆ. ಹಿತ್ತಲಿನ ಬಿಸಿಲಲ್ಲಿ ಸೀಡರಿನ ತೆಳು ಹಲಗೆಗಳನ್ನು ಗರಿಗರಿಯಾಗಿ ಒಣಗಿಸಿ, ಅರೆಗಳ ನಡುವೆ ನಿಲ್ಲಿಸಿದಳು. ಒಣಮರ ನೀರಡಿಸಿದ ಎತ್ತಿನ ಹಾಗೆ ಕೋಣೆಯ ಪಸೆ ಕುಡಿಯಿತು. ಸಂಜೆ ಅವನ್ನು ತೆಗೆದು ಬೇರೆಯವನ್ನು ಇಟ್ಟಳು. ಪೆಟ್ಟಿಗೆಯ ಸಿಗಾರುಗಳನ್ನು ದಿನಾ ಕೆಳಗಿನದು ಮೇಲೆ, ಮೇಲಿನದು ಕೆಳಗೆ ಮಾಡಿದಳು. ಗಡಿಯಾರ ರಿಪೇರಿಯ ತಮ್ಮ ಅವಳ ಮನೆಯ ಕೆಳಗೇ ಅಂಗಡಿ ಇಟ್ಟಿದ್ದ. ಅವನ ಹತ್ತಿರ ಕೂದಲನ್ನೂ ತೂಗುವ ಪುಟ್ಟ ತಕ್ಕಡಿಯಿತ್ತು.

"ತಕ್ಕಡಿ ಕೊಡೋ."

"ನಾನೇ ಬಂದು ತೂಗಿಕೊಡ್ತೀನಿ ಬಿಡಕ್ಕ. ನಿನಗೆ ಆ ಸಣ್ಣ ಗೆರೆ ಎಲ್ಲಿ ಕಾಣಿಸುತ್ತೆ?"

"ನೀನು ನಿನ್ನ ಗಡಿಯಾರಗಳನ್ನ ಒಂದೇ ಹೊತ್ತಿಗೆ ಹೊಡೆಯೋ ಹಾಗೆ ಮಾಡು ಮೊದಲು. ನಿನ್ನೆ ನಾಲ್ಕು ಗಂಟೆ ಹೊಡೆದು ಮುಗಿಸೋಕೆ ನಾಲ್ಕೂಕಾಲಾಯ್ತು."

ತಮ್ಮ ನಗುತ್ತ ತಕ್ಕಡಿ ಕೊಟ್ಟ, ಜೊತೆಗೆ ಒಂದು ಭೂತಗನ್ನಡಿಯನ್ನೂ ಚೀಲಕ್ಕೆ ಹಾಕಿದ. ಭೂತಗನ್ನಡಿಯನ್ನು ಅವಳು ಮೇಜಿನ ಮೇಲೇ ಬಿಟ್ಟು ಹೋದಳು. ಅರ್ಧ ಬೀದಿ ಹೋದವಳು ಹಿಂದಿರುಗಿ ಬಂದು, ಒಂದು ಮಾತೂ ಆಡದೆ ಅದನ್ನೂ ಎತ್ತಿಕೊಂಡು ಹೋದಳು.

ಒಳಗಿನ ನೀರು ಇಳಿಯುತ್ತಿದೆಯೇ ಎಂದು ತಿಳಿಯಲು ದಿನವೂ ಒಂದೇ ಸಿಗಾರನ್ನು ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ತೂಕ ಇಳಿಯುತ್ತ ಬಂತು, ಮುಳ್ಳು ಇಳಿಯುತ್ತ ಬಂತು. ಎಂಬತ್ತು, ಎಪ್ಪತ್ತೆಂಟು, ಎಪ್ಪತ್ತಾರು. ಸೆಳೆಖಾನೆ ಕಿರುಗುಟ್ಟುತ್ತ ಬಾಯಿ ಬಿಟ್ಟಿತು. ಹದದಕ್ಕನ ಹೊಟ್ಟೆಗೆ ಅನ್ನ ಹತ್ತತೊಡಗಿತು.

ಹತ್ತನೆಯ ದಿನ ಅವಳು ಹಲಗೆ ತಿರುಗಿಸಲು ಹಿತ್ತಲಿಗೆ ಹೋಗಿದ್ದಾಗ ಯಜಮಾನನಿಗೆ ಸಹಾಯ ಮಾಡುವ ಬುದ್ಧಿ ಬಂತು. ಹೊರಗೆ ಒಣಗಾಳಿ ಬೀಸುತ್ತಿದೆ, ಒಳಗೂ ಸ್ವಲ್ಪ ಆಡಲಿ ಎಂದು ಕೋಣೆಯ ಬಾಗಿಲಿಗೆ ಕುರ್ಚಿ ಕೊಟ್ಟು ತೆರೆದಿಟ್ಟ. ಹದದಕ್ಕ ಬಂದು ನೋಡುವ ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಕುರ್ಚಿಯನ್ನು ಒದ್ದು ಬಾಗಿಲು ಹಾಕಿದಳು. ಮುಳ್ಳು ಎಪ್ಪತ್ತೈದರಿಂದ ಅರವತ್ತಾರಕ್ಕೆ ಬಿದ್ದಿತ್ತು. ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ಕಿವಿಗೆ ಹತ್ತಿರ ಹಿಡಿದರೆ ಮೇಲುಸಾಲಿನ ಒಂದು ಸಿಗಾರು ಸಣ್ಣಗೆ ಚಿಟಿಚಿಟಿ ಎಂದಿತು. ಅವಳ ಕಣ್ಣೆದುರೇ ಎಲೆ ಬೆರಳುದ್ದ ಸೀಳಿತು.

"ಅಕ್ಕ, ನಾನು ಒಳ್ಳೇದಕ್ಕೇ..." ಯಜಮಾನ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

"ಗೊತ್ತು. ಈಗ ಆ ಒಳ್ಳೇತನ ತಗೊಂಡು ಹೊರಗೆ ನಡಿ."

ಎರಡು ತಟ್ಟೆ ನೀರು ಮತ್ತೆ ಒಳಗಿಟ್ಟು, ಮುಳ್ಳು ಎಪ್ಪತ್ತೈದಕ್ಕೆ ಮರಳುವ ತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಸಂಜೆಗೆ ಮರಳಿತು. ಬೇರೆ ಯಾವುದೂ ಸೀಳಲಿಲ್ಲ. ಸೀಳಿದ್ದರ ತುದಿ ನೋಡಿದಳು: ಮೂರು ಸುತ್ತಿನ ಟೋಪಿ. ಆಗ ಮಾತ್ರ ಅವಳ ಕಣ್ಣು ತುಂಬಿತು. ಒರೆಸಿಕೊಂಡು, ಹಳೆಯ ಸಿಗಾರಿನ ಮೈಮೇಲಿನ ಎಲೆಯ ಒಂದು ತುಂಡನ್ನು ಬಾಯಿಯ ಆವಿಯಲ್ಲಿ ಮೆದುಮಾಡಿ, ನರಕ್ಕೆ ನರ ಹೊಂದಿಸಿ, ಕಡ್ಡಿಯ ತುದಿಯಿಂದ ಗೋಂದು ಸವರಿ ತೇಪೆ ಹಾಕಿದಳು. ಬೆಂಚಿನ ಕೆಳಗೆ ಕೂತು ಆಡುತ್ತಿದ್ದ ವಯಸ್ಸಿನಲ್ಲಿ ಅಮ್ಮ ಕಲಿಸಿದ ಮೊದಲ ಕೆಲಸ ಅದು. ಒಣಗಿದ ಮೇಲೆ ಭೂತಗನ್ನಡಿಯಲ್ಲಿ ಹುಡುಕಿದಳು. ತೇಪೆ ಎಲ್ಲಿದೆಯೆಂದು ಅವಳಿಗೇ ತಿಳಿಯಲಿಲ್ಲ.

ಉಳಿದ ದಿನಗಳು ತಂಟೆಯಿಲ್ಲದೆ ಹೋದವು. ಕೊನೆಯ ಸಂಜೆ ಮುಳ್ಳು ಎಪ್ಪತ್ತರ ಮೇಲೆ ನಿಂತಿತು. ಇಪ್ಪತ್ತೈದೂ ಸಿಗಾರು ಗುಂಡಗೆ, ಒತ್ತಿದರೆ ತಗ್ಗಿ ಮತ್ತೆ ಮೇಲೇಳುವ ಹಾಗೆ. ಆದರೆ ಸೇದಿ ನೋಡದೆ ಒಳಗಿನದು ಗೊತ್ತಾಗುವುದು ಹೇಗೆ? ಚೀಟಿಯಲ್ಲಿ ಇಪ್ಪತ್ನಾಲ್ಕು, ಪೆಟ್ಟಿಗೆಯಲ್ಲಿ ಇಪ್ಪತ್ತೈದು. ಕ್ಯಾಪ್ಟನ್ನನನ್ನೂ ಅವನ ಹೆಂಡತಿಯನ್ನೂ ಅಂಗಡಿಗೆ ಕರೆಸಿದಳು.

"ಇದು ಪರೀಕ್ಷೆಗೆ" ಎಂದು ಹದದಕ್ಕ ಒಂದನ್ನು ಮುಂದೆ ಹಿಡಿದಳು. ತೇಪೆ ಹಾಕಿದ್ದನ್ನೇ ಆರಿಸಿದ್ದಳು. ಅದು ನಿಂತರೆ ಎಲ್ಲ ನಿಂತಂತೆ.

"ಪರೀಕ್ಷೆ ಹದದಕ್ಕನೇ ಮಾಡಲಿ" ಎಂದಳು ಕ್ಯಾಪ್ಟನ್‌ನ ಹೆಂಡತಿ.

"ನಾನು ಸೇದೋದಿಲ್ಲಮ್ಮ, ಜನ್ಮದಲ್ಲಿ ಒಂದೂ ಸೇದಿಲ್ಲ."

"ಚೀಟಿ ಬರೀತೀಯೇನೇ?" ಕ್ಯಾಪ್ಟನ್‌ನ ದನಿ ಹತ್ತು ವರ್ಷದ ಹುಡುಗನದಾಗಿತ್ತು.

ಹೆಂಡತಿ ಅವನನ್ನು ನೋಡಿದಳು, ಚಾವಣಿ ನೋಡಿದಳು, ಕೊನೆಗೆ ಮೇಜಿನ ಮೇಲಿದ್ದ ರಸೀದಿ ಪುಸ್ತಕದ ಹಿಂಬದಿಯಲ್ಲಿ 'ಇನ್ನೊಂದು' ಎಂದು ಬರೆದು ಹರಿದುಕೊಟ್ಟಳು.

ಕ್ಯಾಪ್ಟನ್ ತುದಿ ಕತ್ತರಿಸಿ, ಕಡ್ಡಿ ಗೀರಿ, ನಿಧಾನವಾಗಿ ಹೊತ್ತಿಸಿದ. ಬೆಂಕಿ ಓರೆಯಾಗದೆ ಸಮನಾಗಿ ಸರಿಯಿತು. ತೇಪೆಯ ಜಾಗ ಬಂತು, ದಾಟಿತು. ಬೂದಿ ಬಿಳುಪಾಗಿ, ಉದುರದೆ, ಬೆರಳ ಗಿಣ್ಣಿನಷ್ಟು ಉದ್ದ ನಿಂತಿತು. ಅವನು ಹೊಗೆ ಬಿಟ್ಟು ಕಣ್ಣು ಮುಚ್ಚಿದ. ತೆರೆದು, "ನಮ್ಮ ಹುಡುಗರನ್ನ ತಲೆಯೆತ್ತಿ ನೋಡಬಹುದು" ಎಂದ. ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡೇ ನಕ್ಕಳು. ಹದದಕ್ಕ ಮಣೆಯ ಮೇಲೆ ಕೂತು ಎರಡೂ ಮಂಡಿ ನೀವಿಕೊಂಡಳು. ಇಪ್ಪತ್ತು ದಿನದಿಂದ ಮಂಡಿಗಳು ಇವೆಯೆಂಬುದೇ ಮರೆತುಹೋಗಿತ್ತು. ಎದೆ ಹಗುರಾಗಿ, ಅವಳಿಗೆ ಅಲ್ಲೇ ನಿದ್ದೆ ಬರುವಂತಾಯಿತು.

ಗಂಡಹೆಂಡತಿ ಪೆಟ್ಟಿಗೆ ಹೊತ್ತು ಹೋದ ಮೇಲೆ ಯಜಮಾನ ಹತ್ತಿರ ಬಂದು ನಿಂತ. ಎಂಟು ದಿನದಿಂದ ಕೋಣೆಯ ಕಡೆ ತಲೆ ಹಾಕಿರಲಿಲ್ಲ.

"ಅಕ್ಕ, ಒಂದು ಮಾತು. ಬೇಜಾರು ಮಾಡ್ಕೋಬೇಡ. ಇನ್ನುಮುಂದೆ ಉಪ್ಪಿನ ಪರೀಕ್ಷೆ ದಿನ ನಾನೂ ಪಕ್ಕದಲ್ಲಿ ನಿಲ್ತೀನಿ. ನೀರು ನೀನೇ ಹಾಕು. ಉಪ್ಪು ಉಳಿದಿದೆಯೋ ಕರಗಿದೆಯೋ ನಾನು ಕಣ್ಣಿಟ್ಟು ಹೇಳ್ತೀನಿ. ಅಷ್ಟೇ. ಇನ್ನೇನೂ ಮುಟ್ಟಲ್ಲ."

ಹದದಕ್ಕ ಅವನ ಮುಖ ನೋಡಿದಳು. ಕೋಪ ಬರಲಿಲ್ಲ. ಸೊಂಟಕ್ಕೆ ಕೈಕೊಟ್ಟು ಮೇಲೆದ್ದಳು.

"ಬೇಡಪ್ಪ. ನಿನ್ನ ಮನಸ್ಸು ಒಳ್ಳೇದು, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಒಂದು ಚಮಚ ನೀರಿಗೆ ಇಬ್ಬರು ನಿಂತ್ರೆ, ನೀನು ನೋಡಿರ್ತೀಯ ಅಂತ ನಾನು ಸುಮ್ನಿರ್ತೀನಿ, ನಾನು ನೋಡಿರ್ತೀನಿ ಅಂತ ನೀನು ಸುಮ್ನಿರ್ತೀಯ; ಉಪ್ಪು ನಮ್ಮಿಬ್ಬರ ನಡುವೆ ಕರಗಿಹೋಗುತ್ತೆ. ಒಬ್ಬಳೇ ಇದ್ರೆ ತಪ್ಪು ಯಾರದು ಅಂತ ಹುಡುಕೋ ಕೆಲಸ ಇರಲ್ಲ, ತಿದ್ದೋ ಕೆಲಸಕ್ಕೆ ನೇರವಾಗಿ ಹೋಗಬಹುದು. ಕಣ್ಣು ಮಂಜಾಯ್ತು, ನಿಜ. ಬೆರಳು ಹತ್ತು ಇವೆ, ಒಂದೂ ಮಂಜಾಗಿಲ್ಲ. ನೀನು ಹೋಗು, ಮುಂದುಗಡೆ ಯಾರೋ ಬಂದು ನಿಂತಿದಾರೆ."